ಕಲೆ ಉಳಿಸಿಕೊಂಡ ಬಟ್ಟೆ

2018ರ ಆಗಸ್ಟ್ ನಡುವಿನಲ್ಲಿ ಪೆರಿಯಾರ್ ನದಿ ಉಕ್ಕಿ ಚೇಂದಮಂಗಲಂನ ಮಗ್ಗದ ಮನೆಗಳಿಗೆ ನುಗ್ಗಿತು. ಕೊಚ್ಚಿಯ ಉತ್ತರಕ್ಕೆ, ಪರವೂರಿನ ಮಗ್ಗುಲಲ್ಲಿರುವ ಈ ಊರಿಗೆ ಓಣಂ ಎಂದರೆ ಹಬ್ಬವೂ ಹೌದು, ವರ್ಷದ ವ್ಯಾಪಾರವೂ ಹೌದು. ಕೇರಳದ ಮನೆಮನೆಯಲ್ಲಿ ಹೊಸ ಮುಂಡು, ಹೊಸ ಕಸವು ಸೀರೆ ಉಡುವ ಕಾಲ ಅದು. ಆ ವರ್ಷ ತಿರುವೋಣಂ ಇದ್ದದ್ದು ಆಗಸ್ಟ್ 25ಕ್ಕೆ. ನೆರೆ ಅದಕ್ಕೆ ಹತ್ತು ದಿನ ಮುಂಚೆಯೇ ಬಂತು. ಕೊಚ್ಚಿಯ ವಿಮಾನ ನಿಲ್ದಾಣವೇ 15ರಿಂದ 29ರವರೆಗೆ ಮುಚ್ಚಿತ್ತೆಂದರೆ ಹೊಳೆಯ ದಡದ ನೇಕಾರರ ಪಾಡು ಹೇಳಬೇಕಿಲ್ಲ. ಹಬ್ಬಕ್ಕೆಂದು ತಿಂಗಳುಗಟ್ಟಲೆ ನೇಯ್ದು ಮಡಿಸಿಟ್ಟಿದ್ದ ಬಟ್ಟೆ ಸಹಕಾರ ಸಂಘಗಳ ಕಪಾಟಿನಲ್ಲೇ ಕೆಸರು ನೀರು ಕುಡಿಯಿತು. ಮಗ್ಗಗಳಲ್ಲಿ ಹೂಳು ತುಂಬಿತು.

ಕಸವು ಬಟ್ಟೆಯ ಮೈ ಕೆನೆಬಿಳಿ, ಅಂಚು ಜರಿ. ಅಂಥ ಬಟ್ಟೆಗೆ ಹತ್ತಿದ ಹೊಳೆಯ ಕೆಸರು ಎಷ್ಟು ಒಗೆದರೂ ಪೂರ್ತಿ ಬಿಡುವುದಿಲ್ಲ. ಹಬ್ಬಕ್ಕೆ ಉಡುವ ಸೀರೆಯಲ್ಲಿ ಕಂದು ಮಚ್ಚೆ ಇದ್ದರೆ ಯಾರು ಕೊಂಡಾರು? ಹಾಳಾದ ದಾಸ್ತಾನನ್ನು ಸುಟ್ಟುಬಿಡುವ ಮಾತೂ ಬಂದಿತ್ತು.

ಆಗ ಎರ್ನಾಕುಲಂ ಜಿಲ್ಲೆಯ ವಿನ್ಯಾಸಗಾರ್ತಿ ಲಕ್ಷ್ಮೀ ಮೆನನ್ ಮತ್ತು ಜವಾಬ್ದಾರಿಯುತ ಪ್ರವಾಸೋದ್ಯಮದಲ್ಲಿ ಹೆಸರು ಮಾಡಿದ್ದ ಗೋಪಿನಾಥ್ ಪಾರಯಿಲ್ ಕರಿಂಬಾಡಂನ ನೇಕಾರರ ಸಂಘದ ಹಾಳಾದ ಸೀರೆಗಳನ್ನು ಕೈಗೆತ್ತಿಕೊಂಡರು. ಬಟ್ಟೆಯನ್ನು ಕ್ಲೋರಿನ್ ಹಾಕಿ ಶುಚಿ ಮಾಡಿ, ಕುದಿಸಿ, ಸಣ್ಣ ತುಂಡುಗಳಾಗಿ ಕತ್ತರಿಸಿ, ಮಡಚಿ, ದಾರ ಕಟ್ಟಿದರೆ ಒಂದು ಪುಟ್ಟ ಗೊಂಬೆ. ಹೊಲಿಗೆಯ ಯಂತ್ರ ಬೇಡ, ನುರಿತ ಕೈ ಬೇಡ. ಮುಖಕ್ಕೆ ಎರಡು ಚುಕ್ಕೆ ಇಟ್ಟರೆ ಮುಗಿಯಿತು. ಹೆಸರು ಚೇಕ್ಕುಟ್ಟಿ. ಮಲಯಾಳದಲ್ಲಿ ಚೇರು ಎಂದರೆ ಕೆಸರು. ಕುಟ್ಟಿ ಎಂದರೆ ಮಗು ಎಂಬುದನ್ನು ಕನ್ನಡದ ಕಿವಿಗೆ ಬಿಡಿಸಿ ಹೇಳಬೇಕಿಲ್ಲ. ಕೆಸರಿನಿಂದ ಎದ್ದ ಮಗು, ಚೇಂದಮಂಗಲಂನ ಮಗು, ಎರಡೂ ಆ ಒಂದು ಹೆಸರಲ್ಲಿ ಇದ್ದವು.

ಲೆಕ್ಕ ಸರಳವಾಗಿತ್ತು. ಸಾವಿರದ ಮುನ್ನೂರು, ಸಾವಿರದ ಐನೂರು ರೂಪಾಯಿ ಬೆಲೆಯ ಒಂದು ಸೀರೆಯಿಂದ ಸುಮಾರು 360 ಗೊಂಬೆಗಳು. ಒಂದಕ್ಕೆ 25 ರೂಪಾಯಿ. ಅಂದರೆ ಯಾರೂ ಕೊಳ್ಳದ ಸೀರೆಯೊಂದರಿಂದ 9,000 ರೂಪಾಯಿ. ಆದರೆ 360 ಗೊಂಬೆ ಮಾಡುವವರು ಯಾರು, ಕೊಳ್ಳುವವರು ಯಾರು? ಆ ಎರಡೂ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಒಂದು ವೆಬ್ ಪುಟದಲ್ಲಿ ಮತ್ತು ಅದರ ಸುತ್ತ ಜನ ಬರೆದು ಹಂಚಿಕೊಂಡ ಬರಹಗಳಲ್ಲಿ. ಶಾಲೆಯ ಮಕ್ಕಳು, ಕಂಪನಿಗಳ ನೌಕರರು, ಹೊರದೇಶದ ಮಲಯಾಳಿಗಳು ಗುಂಪು ಕೂಡಿ ಗೊಂಬೆ ಕಟ್ಟಿದರು. ಕೊಂಡವರು ಬ್ಯಾಗಿಗೆ ತೂಗು ಹಾಕಿಕೊಂಡರು, ಕಾರಿನ ಕನ್ನಡಿಗೆ ಕಟ್ಟಿದರು. ಹಣ ನೇಕಾರರ ಸಂಘಕ್ಕೆ ಹೋಯಿತು.

ಸಣ್ಣ ವ್ಯಾಪಾರಕ್ಕೆ ಜಾಲತಾಣ ಕಟ್ಟಿಕೊಡುವವರು ಸಾಮಾನ್ಯವಾಗಿ ಮಾಡುವ ಕೆಲಸವೆಂದರೆ ಹೊಳಪು ಕೊಡುವುದು. ಅಂಗಡಿಯ ಹಳೆಯ ಗೋಡೆ ಕಾಣದಂತೆ ಚಿತ್ರ ತೆಗೆಯುವುದು, ಮೂರು ಜನರ ಅಂಗಡಿಯನ್ನು 'ಸಂಸ್ಥೆ' ಎಂದು ಕರೆಯುವುದು, ಯಾವ ಊರಿನ ಯಾವ ಪುಟದಲ್ಲಾದರೂ ಹೊಂದುವಂಥ ನಾಲ್ಕು ಸಾಲು ಬರೆಯುವುದು. ಚೇಕ್ಕುಟ್ಟಿಯ ಪುಟ ಇದರ ತಿರುಗುಮುರುಗು. ಗೊಂಬೆಯ ಮೈಮೇಲಿನ ಮಚ್ಚೆಯನ್ನು ಅದು ಮುಚ್ಚಲಿಲ್ಲ, ಮಚ್ಚೆ ಎಲ್ಲಿಂದ ಬಂತೆಂದು ಹೇಳಿತು. ಕನ್ನಡದಲ್ಲಿ ಕಲೆ ಎಂಬ ಒಂದೇ ಮಾತು ಎರಡಕ್ಕೂ ನಡೆಯುತ್ತದೆ, ಕೈಯ ಕೌಶಲಕ್ಕೂ ಬಟ್ಟೆಗೆ ಹತ್ತಿದ ಕೊಳೆಗೂ. ಆ ವರ್ಷ ಚೇಂದಮಂಗಲಂ ಮಾರಿದ್ದು ಎರಡನೆಯದನ್ನು, ಹೆಸರಿಟ್ಟು, ಬೆಲೆ ಕಟ್ಟಿ.

ಈ ನೇಕಾರರ ಕಥೆಯಲ್ಲಿ ಕನ್ನಡದ ಒಂದು ಎಳೆಯೂ ಇದೆ. ಚೇಂದಮಂಗಲಂಗೆ ನೇಯ್ಗೆ ತಂದವರು ದೇವಾಂಗ ಚೆಟ್ಟಿಯಾರರು, ಕರೆಸಿಕೊಂಡವರು ಕೊಚ್ಚಿ ರಾಜರ ಮಂತ್ರಿಗಳಾಗಿದ್ದ ಪಾಲಿಯಂ ಮನೆತನದವರು ಎಂದು ಆ ಊರು ಹೇಳಿಕೊಳ್ಳುತ್ತದೆ. ತೃಶ್ಶೂರು ಜಿಲ್ಲೆಯ ಕುತ್ತಾಂಪುಳ್ಳಿಯ ದೇವಾಂಗರಂತೂ ತಮ್ಮ ಹಿರಿಯರು ಮೈಸೂರು ಸೀಮೆಯಿಂದ ಬಂದವರೆಂದು ನಂಬುತ್ತಾರೆ, ಮನೆಯಲ್ಲಿ ಕನ್ನಡದ ಒಂದು ಹಳೆಯ ರೂಪವನ್ನು ಆಡುತ್ತಾರೆ. ಜೇಡರ ದಾಸಿಮಯ್ಯನ ಕಸುಬಿನ ಜನ ಮಲಯಾಳದ ನಾಡಿಗೆ ಹೋಗಿ ಆ ನಾಡಿನ ಉಡುಪನ್ನೇ ನೇಯ್ದುಕೊಟ್ಟರು. ಅಂದಿಗೆ ಅವರ ಗಿರಾಕಿ ಅರಮನೆ. ಅರಮನೆಗೆ ಜಾಹೀರಾತು ಬೇಕಿರಲಿಲ್ಲ. ಇಂದು ಕೇರಳ ಸರ್ಕಾರ ಶಾಲಾ ಸಮವಸ್ತ್ರವನ್ನು ಕೈಮಗ್ಗದಲ್ಲಿ ನೇಯಿಸುತ್ತಿದೆ. ಆ ಗಿರಾಕಿಗೂ ಜಾಹೀರಾತು ಬೇಡ. ಕಷ್ಟವಿರುವುದು ಇವೆರಡರ ನಡುವೆ. ಬೆಂಗಳೂರಿನಲ್ಲೋ ಪುಣೆಯಲ್ಲೋ ಕುಳಿತು, ನೇಕಾರನ ಮುಖ ನೋಡದೆ, ಬಟ್ಟೆ ಮುಟ್ಟದೆ ಕೊಳ್ಳಬೇಕಾದ ಗಿರಾಕಿಯನ್ನು ಒಲಿಸಬೇಕಾದಾಗ.

ಗೊಂಬೆಯ ಕಥೆ ಆ ಗಿರಾಕಿಯನ್ನು ಒಮ್ಮೆ ತಂದಿತು. ಅಲ್ಲೇ ಒಂದು ತೊಡಕೂ ಇದೆ. ಗೊಂಬೆ ಹಾಳಾದ ಸೀರೆಯನ್ನು ಮಾರಿತು, ಮುಂದಿನ ವರ್ಷದ ಸೀರೆಯನ್ನಲ್ಲ. ಕರುಣೆಯಿಂದ ಕೊಂಡವರು ಒಂದು ಸಲ ಕೊಳ್ಳುತ್ತಾರೆ. ಇನ್ನೊಂದು ಊರಿನಲ್ಲಿ ಇನ್ನೊಂದು ನೆರೆ ಬಂದರೆ ಅವರ ಗಮನ ಅತ್ತ ಹೋಗುತ್ತದೆ, ಹೋಗಬೇಕಾದದ್ದೂ ನ್ಯಾಯವೇ. ನೇಕಾರನಿಗೆ ಬೇಕಾದವರು ಕರುಣೆ ತೀರಿದ ಮೇಲೂ ಬರುವವರು. ಅವರನ್ನು ತರುವ ಬರವಣಿಗೆಯ ಜಾತಿಯೇ ಬೇರೆ. ಅದು ಕಣ್ಣೀರಿನದಲ್ಲ, ನಂಬಿಕೆಯದು.

ನಂಬಿಕೆಯ ವಿಷಯಕ್ಕೆ ಕೊಚ್ಚಿಯ ಮೀನು ಒಳ್ಳೆಯ ಉದಾಹರಣೆ. ಮ್ಯಾಥ್ಯೂ ಜೋಸೆಫ್ ಎಂಬ ಮೀನು ರಫ್ತುದಾರರು 2012ರಲ್ಲಿ ಕೊಚ್ಚಿಯಿಂದ 'ಸೀ ಟು ಹೋಮ್' ಎಂಬ ಜಾಲತಾಣ ಶುರುಮಾಡಿದರು. ದಡಕ್ಕೆ ಬಂದ ಮೀನನ್ನು ರಾಸಾಯನಿಕ ಸೇರಿಸದೆ ದೂರದ ನಗರದ ಮನೆಗೆ ಮುಟ್ಟಿಸುವುದು ಅವರ ವ್ಯಾಪಾರ. ಮೀನು ಕೊಳ್ಳುವವರ ಅಭ್ಯಾಸ ಬಲ್ಲವರಿಗೆ ಇದು ಎಂಥ ಧೈರ್ಯವೆಂದು ಗೊತ್ತು. ಕಿವಿರು ಎತ್ತಿ ಕೆಂಪು ನೋಡದೆ, ಹೊಟ್ಟೆ ಒತ್ತಿ ನೋಡದೆ ಮೀನು ಕೊಳ್ಳುವವರಿಲ್ಲ. ಆ ಬೆರಳಿನ ಜಾಗದಲ್ಲಿ ಒಂದು ಪುಟ ನಿಲ್ಲಬೇಕಿತ್ತು. ಬೆಂಗಳೂರಿನಲ್ಲಿ ಜಿಂಗಾ ಎಂಬ ಆಟದ ಕಂಪನಿಯ ಭಾರತದ ಮುಖ್ಯಸ್ಥರಾಗಿದ್ದ ಷಾನ್ ಕಡವಿಲ್ ಹಾಗೆ ನಂಬಿ ಕೊಳ್ಳುತ್ತಿದ್ದವರಲ್ಲಿ ಒಬ್ಬರು. ಒಂದು ದಿನ ಪುಟ ತೆರೆಯಲಿಲ್ಲ. ಅಂಗಡಿ ನಿಂತಿತ್ತು. ಕಡವಿಲ್ ಮೀನಿನವರನ್ನು ಹುಡುಕಿಕೊಂಡು ಹೋದರು, 2015ರಲ್ಲಿ ಇಬ್ಬರೂ ಸೇರಿ 'ಫ್ರೆಶ್ ಟು ಹೋಮ್' ಆರಂಭಿಸಿದರು. ಅದು ಮುಂದೆ ದೊಡ್ಡ ಬಂಡವಾಳದ ಕಂಪನಿಯಾಯಿತು, ಆ ಭಾಗ ಸಣ್ಣ ವ್ಯಾಪಾರದ ಕಥೆಯಲ್ಲ.

ಸಣ್ಣ ವ್ಯಾಪಾರಕ್ಕೆ ಬೇಕಾದ ಪಾಠ ಅದಕ್ಕೆ ಮುಂಚಿನದು. ಪುಟ ಇತ್ತು, ಗಿರಾಕಿಗಳಿದ್ದರು, ಆದರೂ ಅಂಗಡಿ ನಿಂತಿತು. ಜಾಲತಾಣ ಗಿರಾಕಿಯನ್ನು ಬಾಗಿಲವರೆಗೆ ತರುತ್ತದೆ, ಒಳಗಿನ ಕೆಲಸವನ್ನು ಅದು ಮಾಡಿಕೊಡುವುದಿಲ್ಲ. ಜೊತೆಗೆ ಇನ್ನೊಂದು ಮಾತು. ಅಂಗಡಿ ಮುಚ್ಚಿದ ಮೇಲೆ ಗಿರಾಕಿಯೊಬ್ಬ ಅಂಗಡಿಯವನನ್ನು ಹುಡುಕಿಕೊಂಡು ಬಂದದ್ದು ಪುಟದ ಬಣ್ಣಕ್ಕೆ ಮರುಳಾಗಿ ಅಲ್ಲ, ಹೇಳಿದ ಮೀನು ಹೇಳಿದ ಹಾಗೆ ಮನೆಗೆ ಬಂದಿತ್ತು ಎಂಬುದಕ್ಕೆ. 2018ರ ಜೂನ್‌ನಲ್ಲಿ ಕೇರಳದ ಆಹಾರ ಸುರಕ್ಷತಾ ಇಲಾಖೆ 'ಆಪರೇಷನ್ ಸಾಗರ್ ರಾಣಿ' ನಡೆಸಿ ತಿರುವನಂತಪುರ ಜಿಲ್ಲೆಯ ಅಮರವಿಳ ಮುಂತಾದ ತನಿಖಾ ಠಾಣೆಗಳಲ್ಲಿ ಫಾರ್ಮಾಲಿನ್ ಬೆರೆಸಿದ ಮೀನನ್ನು ಟನ್‌ಗಟ್ಟಲೆ ಹಿಡಿಯಿತು. ಮೀನಿಗೆ ಒತ್ತಿ ನೋಡಿ ಬೆರಕೆ ಪತ್ತೆಮಾಡುವ ಕಾಗದದ ಪಟ್ಟಿಯನ್ನು ರೂಪಿಸಿದ್ದು ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ. ಅಂಥ ವಾರದಲ್ಲಿ ಮೀನಿನ ಅಂಗಡಿಯೊಂದು ತನ್ನ ಪುಟದಲ್ಲಿ ಏನು ಬರೆಯಬೇಕು? 'ತಾಜಾತನವೇ ನಮ್ಮ ಉಸಿರು' ಎಂದು ಬರೆದರೆ ಯಾರೂ ಓದುವುದಿಲ್ಲ. ಮೀನು ಯಾವ ದಡದ್ದು, ಎಷ್ಟು ಗಂಟೆಗೆ ಬಂತು, ಮಂಜುಗಡ್ಡೆ ಎಲ್ಲಿಯದು, ಪರೀಕ್ಷೆಯ ಪಟ್ಟಿ ಯಾವ ಬಣ್ಣಕ್ಕೆ ತಿರುಗಿದರೆ ಹೆದರಬೇಕು ಎಂದು ಬರೆದರೆ ಊರೆಲ್ಲ ಓದುತ್ತದೆ. ಬ್ಲಾಗ್ ಎಂಬುದು ಸಣ್ಣ ಅಂಗಡಿಗೆ ಉಪಯೋಗಕ್ಕೆ ಬರುವುದು ಇಲ್ಲಿ. ಗಿರಾಕಿಯ ಮನಸ್ಸಿನಲ್ಲಿರುವ ಅನುಮಾನವನ್ನು ಅವನು ಕೇಳುವ ಮುಂಚೆ ಎತ್ತಿಕೊಂಡು ಉತ್ತರ ಹೇಳುವಾಗ.

ತನ್ನದೊಂದು ಪುಟವನ್ನು ನೆಚ್ಚಿಕೊಳ್ಳದೆಯೇ ಜಗತ್ತಿಗೆ ಗೊತ್ತಾದ ಅಂಗಡಿಯೂ ಕೊಚ್ಚಿಯಲ್ಲೇ ಇದೆ. ಎರ್ನಾಕುಲಂನ ಗಾಂಧಿನಗರದ ಶ್ರೀ ಬಾಲಾಜಿ ಕಾಫಿ ಹೌಸ್‌ನ ವಿಜಯನ್ ಮತ್ತು ಮೋಹನಾ ದಂಪತಿ ಚಹಾ ಮಾರಿ, ದಿನದ ಗಳಿಕೆಯಲ್ಲಿ ಒಂದಿಷ್ಟು ಎತ್ತಿಟ್ಟು, ಸಾಲ ಮಾಡಿ, ತೀರಿಸಿ, ಮತ್ತೆ ಸಾಲ ಮಾಡಿ ಇಪ್ಪತ್ತೈದಕ್ಕೂ ಹೆಚ್ಚು ದೇಶ ಸುತ್ತಿದರು. ಅಂಗಡಿಯ ಗೋಡೆಯ ತುಂಬ ಅವರ ಪ್ರವಾಸದ ಚಿತ್ರಗಳು. ಹರಿ ಎಂ. ಮೋಹನನ್ ಅವರ ಕುರಿತು 'ಇನ್‌ವಿಸಿಬಲ್ ವಿಂಗ್ಸ್' ಎಂಬ ಕಿರುಚಿತ್ರ ತೆಗೆದರು. ಬ್ಲಾಗಿಗರು ಬಂದರು, ಉದ್ಯಮಿಗಳು ಟ್ವೀಟ್ ಮಾಡಿದರು. ವಿಜಯನ್ 2021ರ ನವೆಂಬರ್‌ನಲ್ಲಿ, ರಷ್ಯಾ ನೋಡಿ ಬಂದ ಸ್ವಲ್ಪ ದಿನಕ್ಕೆ, ತೀರಿಕೊಂಡಾಗ ದೇಶದ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಆ ಗೋಡೆಯೇ ಅವರ ಮುಖಪುಟವಾಗಿತ್ತು. ಅಲ್ಲಿ ಅಂಟಿಸಿದ ಚಿತ್ರಗಳು ಗಿರಾಕಿಯನ್ನು ಸೆಳೆಯಲೆಂದು ತೆಗೆದವಲ್ಲ, ಬದುಕಿದ್ದರ ಗುರುತುಗಳು. ಹಾಗೆಂದು ಎಲ್ಲ ಚಹಾ ಅಂಗಡಿಯೂ ಯಾರೋ ಬಂದು ತಮ್ಮ ಕಥೆ ಹೇಳಲಿ ಎಂದು ಕಾಯುತ್ತ ಕೂರಲಾಗದು. ಕಥೆ ಹೇಳಲು ಬಂದವರು ಹೋಗುತ್ತಾರೆ, ಹಾಲಿನವನಿಗೆ ಮಾತ್ರ ದಿನಾ ದುಡ್ಡು ಕೊಡಬೇಕು.

ಕೊಚ್ಚಿಯಿಂದ ದಕ್ಷಿಣಕ್ಕೆ ರೈಲಿನಲ್ಲಿ ನಾಲ್ಕೈದು ಗಂಟೆ ಇಳಿದರೆ ತಿರುವನಂತಪುರ. ದೇಶದ ಮೊದಲ ತಂತ್ರಜ್ಞಾನ ಪಾರ್ಕ್ ಆದ ಟೆಕ್ನೋಪಾರ್ಕ್ 1990ರಲ್ಲಿ ಶುರುವಾದದ್ದು ಇಲ್ಲಿ. ಅದೇ ನಗರದ ಇನ್ನೊಂದು ದಿಕ್ಕಿಗೆ ಬಾಲರಾಮಪುರಂ ಇದೆ. ತಿರುವಾಂಕೂರಿನ ಅರಸ ಬಾಲರಾಮವರ್ಮನ ಹೆಸರು ಹೊತ್ತ ಈ ನೇಕಾರರ ಊರಿಗೆ ಶಾಲಿಯರು ಬಂದದ್ದು ತಮಿಳು ಸೀಮೆಯಿಂದ. ಗುಣಿ ಮಗ್ಗದಲ್ಲಿ ಲಾಳಿಯನ್ನು ಕೈಯಿಂದ ಎಸೆದು ನೇಯುವ ಇಲ್ಲಿಯ ಬಟ್ಟೆಗೆ ಒಳಮೈ ಹೊರಮೈ ಎಂಬ ಭೇದ ಕಾಣುವುದಿಲ್ಲ. ಹಾಸಿನ ನೂಲಿಗೆ ಗಂಜಿ ಹಾಕಿ ಬೀದಿಯುದ್ದಕ್ಕೂ ಎಳೆದು ಬೆಳಗಿನ ಬಿಸಿಲಿಗೆ ಒಣಗಿಸುವುದು ಇಲ್ಲಿಯ ರೂಢಿ. ಬಾಲರಾಮಪುರಂ ಬಟ್ಟೆಗೂ ಚೇಂದಮಂಗಲಂನ ಮುಂಡಿಗೂ ಭೌಗೋಳಿಕ ಸೂಚಕದ ರಕ್ಷಣೆ ಇದೆ.

ಹಾಗಿದ್ದೂ ವಿದ್ಯುತ್ ಮಗ್ಗದ ಬಟ್ಟೆ ಅದೇ ಹೆಸರಿನಲ್ಲಿ ಅರ್ಧ ಬೆಲೆಗೆ ಮಾರಾಟವಾಗುತ್ತದೆ. ಫೋನಿನ ಪರದೆಯ ಮೇಲೆ ಎರಡೂ ಒಂದೇ. ಅಲ್ಲಿ ಕೈಮಗ್ಗ ಸೋಲುವುದು ಗುಣದಲ್ಲಲ್ಲ, ಗುಣ ಕಾಣದಿರುವುದರಲ್ಲಿ. ಬೆರಳಿಗೆ ಗೊತ್ತಾಗುವುದನ್ನು ಕಣ್ಣಿಗೆ ಗೊತ್ತಾಗುವಂತೆ ಮಾಡುವುದು ಪುಟ ಕಟ್ಟುವವರ ನಿಜವಾದ ಕೆಲಸ. ಸೀರೆಯ ಸೆರಗಿನ ಚಿತ್ರ ಎಲ್ಲರೂ ಹಾಕುತ್ತಾರೆ. ಅಂಚನ್ನು ತಿರುಗಿಸಿ ಹಿಂಬದಿಯ ಚಿತ್ರ ಹಾಕಿದರೆ, ತೆಳ್ಳಗಿನ ಹುಣಿಸೆ ಎಲೆಯ ಕರೆ ಏನೆಂದು ವಿವರಿಸಿದರೆ, ಒಂದು ಸೀರೆಗೆ ಎಷ್ಟು ದಿನ ಹಿಡಿಯಿತು ಎಂದು ಬರೆದರೆ ಬೆಲೆಯ ವ್ಯತ್ಯಾಸ ತಾನಾಗಿ ಅರ್ಥವಾಗುತ್ತದೆ. ಬೆಲೆಯನ್ನು ಬಚ್ಚಿಟ್ಟು 'ವಿಚಾರಿಸಿ' ಎಂದು ಬರೆಯುವ ಚಾಳಿ ಅನುಮಾನವನ್ನೇ ಬೆಳೆಸುತ್ತದೆ.

ಅಕ್ಷರದ ವಿಷಯದಲ್ಲಿ ತಿರುವನಂತಪುರಕ್ಕೆ ಇನ್ನೊಂದು ಮಹತ್ವವಿದೆ. ಟೈಪ್‌ರೈಟರಿಗೆ ಒಗ್ಗಲೆಂದು 1971ರಲ್ಲಿ ಮಲಯಾಳ ಲಿಪಿಯನ್ನು ಸರ್ಕಾರ ಸರಳಗೊಳಿಸಿತ್ತು, ಒತ್ತಕ್ಷರಗಳು ಒಡೆದು ಹೋಗಿದ್ದವು. ಕಂಪ್ಯೂಟರ್ ಬಂದ ಮೇಲೆ ಆ ತೊಂದರೆ ಇನ್ನೇಕೆ ಎಂದು ಕೇಳಿದವರು 1999ರಲ್ಲಿ ಇಲ್ಲಿ 'ರಚನಾ' ಎಂಬ ಬಳಗ ಕಟ್ಟಿ ಹಳೆಯ ಲಿಪಿಯ ಪೂರ್ಣ ಅಕ್ಷರಗಳ ಫಾಂಟ್ ತಂದರು. ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್‌ನವರು ಮೀರ, ಮಂಜರಿಯಂಥ ಫಾಂಟುಗಳನ್ನು ಯಾರು ಬೇಕಾದರೂ ಬಳಸಲು ಬಿಟ್ಟುಕೊಟ್ಟರು. ಕನ್ನಡದಲ್ಲಿ 1998ರಲ್ಲಿ ಬಂದ ಬರಹ, ಅದರ ನಂತರ ಬಂದ ನುಡಿ ಮಾಡಿದ ಉಪಕಾರವನ್ನು ಬಲ್ಲವರಿಗೆ ಇದರ ಬೆಲೆ ಗೊತ್ತು. ಒಂದು ಫಾಂಟಿನಲ್ಲಿ ಟೈಪ್ ಮಾಡಿದ್ದು ಇನ್ನೊಂದು ಕಂಪ್ಯೂಟರಿನಲ್ಲಿ ಕಪ್ಪೆ ಗೆರೆಗಳಾಗಿ ಕಾಣುತ್ತಿದ್ದ ಕಾಲ ಯುನಿಕೋಡ್‌ನೊಂದಿಗೆ ಮುಗಿಯಿತು.

ಆದರೂ ಸಣ್ಣ ಅಂಗಡಿಗಳು ಇವತ್ತಿಗೂ ತಮ್ಮ ಮಾತನ್ನು ಚಿತ್ರವಾಗಿ ಮಾಡಿ ಹಾಕುತ್ತವೆ. ಹಬ್ಬದ ರಿಯಾಯಿತಿ, ವಿಳಾಸ, ಸಮಯ ಎಲ್ಲ ಒಂದು ಬಣ್ಣದ ಪೋಸ್ಟರ್‌ನೊಳಗೆ. ಹುಡುಕುವ ಯಂತ್ರಕ್ಕೆ ಅದು ಸುಲಭಕ್ಕೆ ಸಿಗದು, ಕಣ್ಣು ಕಾಣದವರ ಫೋನ್ ಅದನ್ನು ಎಷ್ಟೋ ಸಲ ಸರಿಯಾಗಿ ಓದಿ ಹೇಳದು, ಮೂರು ತಿಂಗಳ ನಂತರ ಅಂಗಡಿಯವರಿಗೇ ಅದು ಎಲ್ಲಿದೆಯೆಂದು ತಿಳಿಯದು. ತನ್ನ ಭಾಷೆಯಲ್ಲಿ, ಅಕ್ಷರಗಳಲ್ಲಿ, ತನ್ನದೇ ವಿಳಾಸದ ಪುಟದಲ್ಲಿ ಬರೆದ ನಾಲ್ಕು ಸಾಲು ವರ್ಷಗಟ್ಟಲೆ ಉಳಿಯುತ್ತದೆ. ಸಾಮಾಜಿಕ ಜಾಲದ ಖಾತೆ ಬಾಡಿಗೆ ಮಳಿಗೆಯಿದ್ದ ಹಾಗೆ. ಜನಜಂಗುಳಿ ಅಲ್ಲೇ ಇರುವುದರಿಂದ ಬಿಡಲಾಗದು, ಆದರೆ ಮಾಲೀಕ ದಾರಿ ಬದಲಿಸಿದರೆ ಕೇಳುವ ಹಕ್ಕಿಲ್ಲ.

ಕರಾವಳಿಯ ಈ ತುದಿಯಲ್ಲಿ, ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದಲ್ಲಿ, ಉಡುಪಿ ಸೀರೆಯ ನೇಯ್ಗೆ ಬೆರಳೆಣಿಕೆಯ ಹಿರಿಯರಿಗೆ ಇಳಿದಿತ್ತು. ಕದಿಕೆ ಟ್ರಸ್ಟ್‌ನ ಮಮತಾ ರೈ ಮತ್ತು ಸಂಗಡಿಗರು ಅದನ್ನು ಎತ್ತಿ ನಿಲ್ಲಿಸಲು ಹೊರಟಾಗ ಮಾಡಿದ ಒಂದು ಸಣ್ಣ ಕೆಲಸ ಗಮನಿಸುವಂಥದು. ಸೀರೆಯ ಜೊತೆಗಿನ ಚೀಟಿಯಲ್ಲಿ ನೇಯ್ದವರ ಹೆಸರು ಮತ್ತು ಚಿತ್ರ ಇಟ್ಟರು. ಅದನ್ನೇ ಸಾಮಾಜಿಕ ಜಾಲದಲ್ಲೂ ಹಂಚಿಕೊಂಡರು. ಸೀರೆ ಕೊಂಡವರಿಗೆ ನೇಕಾರರ ಮುಖ ಗೊತ್ತಾಯಿತು, ನೇಕಾರರಿಗೆ ತಮ್ಮ ಹೆಸರು ಊರು ದಾಟಿದ್ದು ಗೊತ್ತಾಯಿತು. ಇದರಲ್ಲಿ ವಿನ್ಯಾಸದ ಚಮತ್ಕಾರವೇನೂ ಇಲ್ಲ. ಯಾರು ಮಾಡಿದರು ಎಂಬ ಪ್ರಶ್ನೆಗೆ ನೇರ ಉತ್ತರ, ಅಷ್ಟೆ. ಅತ್ತ ಕಾಸರಗೋಡಿನ ಸೀರೆಗೂ, ಇತ್ತ ಇಳಕಲ್ಲಿಗೂ ಮೊಳಕಾಲ್ಮೂರಿಗೂ ಸಲ್ಲುವ ಉಪಾಯ ಇದು.

ಎಲ್ಲ ಸರಿ, ಬರೆಯುವವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ಮಗ್ಗದ ಮುಂದೆ ಕುಳಿತವರಿಗೆ ಕೀಲಿಮಣೆಯ ಮುಂದೆ ಕೂರಲು ಹೊತ್ತಿಲ್ಲ. ಹೊತ್ತು ಕಳೆದರೆ ಕೂಲಿ ಕಳೆಯುತ್ತದೆ, ಏಕೆಂದರೆ ಕೂಲಿ ನೇಯ್ದ ಮೊಳದ ಲೆಕ್ಕದಲ್ಲಿ. ಹೊರಗಿನವರು ಬರೆದುಕೊಟ್ಟರೆ ಮಾತು ಹೊಳೆಯುತ್ತದೆ, ಆದರೆ ಎಲ್ಲ ನೇಕಾರರೂ ಒಂದೇ ಥರ ಮಾತಾಡತೊಡಗುತ್ತಾರೆ. ಚೇಕ್ಕುಟ್ಟಿ ಇದನ್ನು ತನ್ನ ರೀತಿಯಲ್ಲಿ ಬಿಡಿಸಿಕೊಂಡಿತ್ತು. ನೇಯುವವರು ನೇಯಲಿ, ಗೊಂಬೆ ಕಟ್ಟುವ ಮತ್ತು ಹೇಳುವ ಕೆಲಸ ಊರ ಹೊರಗಿನವರದಾಗಲಿ ಎಂದು. ಆಪತ್ಕಾಲಕ್ಕೆ ಅದು ಸರಿ. ದಿನನಿತ್ಯಕ್ಕೆ ಸಂಘದ ಲೆಕ್ಕ ಬರೆಯುವವರೇ ಸಾಕು. ಅವರ ಬಳಿ ಇರುವ ವಿಷಯ ಯಾವ ಜಾಹೀರಾತು ಕಂಪನಿಯ ಬಳಿಯೂ ಇಲ್ಲ. ತಿಂಗಳಿಗೆ ಒಂದು ಸಲ ಹತ್ತು ಸಾಲು. ನೂಲಿನ ಬೆಲೆ ಈ ತಿಂಗಳು ಎಷ್ಟಾಯಿತು, ಹೊಸದಾಗಿ ಮಗ್ಗ ಕಲಿಯಲು ಯಾರಾದರೂ ಬಂದರೆ, ಯಾವ ಸೀರೆ ಮುಗಿಯಿತು, ಯಾವುದು ಮಗ್ಗದ ಮೇಲಿದೆ. ಮಳೆ ಹಿಡಿದಿದೆ, ಹಾಸು ಒಣಗುತ್ತಿಲ್ಲ, ಆದ್ದರಿಂದ ಓಣಂಗೆ ಕೇಳಿದವರ ಮುಂಡು ನಾಲ್ಕು ದಿನ ತಡವಾಗುತ್ತದೆ ಎಂಬ ಸಾಲು ಸಹ ಅಲ್ಲಿರಲಿ. ಅಂಥ ಸಾಲು ಓದಿದ ಗಿರಾಕಿ ನಾಲ್ಕು ದಿನ ಕಾಯುತ್ತಾನೆ. ಬಟ್ಟೆ ಬಂದ ಮೇಲೆ ಅದು ನಿಜವಾಗಿ ಒಣಗಿದ ಹಾಸಿನದೇ ಎಂದು ಅವನ ಬೆರಳಿಗೆ ತಿಳಿದರೆ, ಮುಂದಿನ ಓಣಂಗೆ ಅವನಿಗೆ ಹೇಳಿ ಕಳಿಸುವ ಕೆಲಸ ಇರುವುದಿಲ್ಲ.